ಕಂಬದ ಹತ್ತಿರ ನಿಂತವನು

...ಅಲ್ಲ ಪ್ರಣೀತಾ, ನಗುವುದು ಎಂತಕ್ಕೆ? ಮನೆಯ ಬೀಗದ ಕೈ ಬೇಕು ಅಂತ ಖಾರಘರದ ಕಾಲೇಜಿನವರೆಗೆ ಬಂದವಳು ಹೊರಗೆ ನಿಲ್ಲಬೇಕಿತ್ತು. ಕೊನೆಯ ಬೆಂಚಿನಲ್ಲಿ ಕೂತು ಅಪ್ಪನ ಲೆಕ್ಚರ್ ಕೇಳು ಅಂತ ಯಾರು ಹೇಳಿದ್ದು? ಸ್ಪೋರ್ಟ್ಸ್ ಸೈಕಾಲಜಿ ನಿನ್ನ ವಿಷಯವಲ್ಲ.

ಸರಿ, ಕೂತುಕೋ. ಡೊಂಬಿವಲಿ ಲೋಕಲ್ ಬರಲಿಕ್ಕೆ ಹೊತ್ತಿದೆ. ಠಾಣೆ ಸ್ಟೇಷನ್ನಿನಲ್ಲಿ ಬೆಂಚು ಸಿಕ್ಕಿದ್ದೇ ದೊಡ್ಡದು... ಕಾಲು ಸೋತುಹೋಗಿದೆ ಮಾರಾಯ್ತಿ.

ಏನು? ಕ್ಲಾಸಿನಲ್ಲಿ ತೋರಿಸಿದ ವಿಡಿಯೋದಲ್ಲಿದ್ದ ಖೋ ಖೋ ಹುಡುಗಿ ಯಾರು ಅಂತಲಾ? ಹೇಳುವುದಿಲ್ಲ. ಮುಖ ಮಸುಕು ಮಾಡಿಯೇ ತೋರಿಸಿದ್ದು. ಸಂಶೋಧನೆಯಲ್ಲಿ ಆಟಗಾರರ ಗುರುತು ಬಿಟ್ಟುಕೊಡಬಾರದು. ನಿಯಮ ಅಂದರೆ ನಿಯಮ, ಮಗಳಿಗೂ ಅದೇ.

ನಿನ್ನ ಹಾಗೇ ಕೂರುತ್ತಾಳಾ? ಸಾಲಿನಲ್ಲಿ ಎಲ್ಲರೂ ಹಾಗೇ ಕೂರುವುದು! ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ಖೋ ಅನ್ನಬೇಕು, ಆಮೇಲೆ ಕೂತವಳು ಏಳಬೇಕು. ಇವಳು ಮುಟ್ಟುವ ಮೊದಲೇ ಏಳುತ್ತಾಳೆ. ಫೌಲ್! ಎಲ್ಲ ಮ್ಯಾಚಿನಲ್ಲೂ ಅಲ್ಲ... ಮೈದಾನದ ಕಂಬದ ಆಚೆ, ವಿಡಿಯೋದಲ್ಲಿ ಕಂಡ ಆ ಮನುಷ್ಯ ನಿಂತ ದಿನ ಮಾತ್ರ. ಅವನು ಕೊಡೆ ಎತ್ತಿ ಅಲ್ಲಾಡಿಸಿದರೆ ಸಾಕು, ಎದ್ದುಬಿಡುತ್ತಾಳೆ.

ಅವನು ಯಾರು ಅಂತಲಾ? ಅವಳ ಕೋಚ್ ಅಂದೆನಲ್ಲ ಕ್ಲಾಸಿನಲ್ಲಿ? ಕೋಚೇ.

ಎಂತ ನೋಡುವುದು ನನ್ನ ಕೊಡೆಯನ್ನು? ಡಿಸೆಂಬರಿನಲ್ಲಿ ಕೊಡೆ ಹಿಡಿಯುವವನು ನಾನೊಬ್ಬನೇನಾ? ಬಿಸಿಲಿಲ್ಲವಾ? ಅವನ ಕೊಡೆಯ ಹಿಡಿಗೂ ಹಸಿರು ಬಟ್ಟೆಯಾ... ಯಾರಾದರೂ ಸುತ್ತಿಸಿಕೊಳ್ಳಬಹುದು, ನಿನ್ನ ಅಮ್ಮನೇ ಸುತ್ತಬೇಕು ಅಂತಿಲ್ಲ!

ಹಾಗಾದರೆ ಕ್ಲಾಸಿನಲ್ಲಿ ಆ ಹುಡುಗಿಗೆ ಹೇಳಿದ ಏಕಾಗ್ರತೆಯ ಅಭ್ಯಾಸವನ್ನೇ ದಿನಾ ಬೆಳಿಗ್ಗೆ ನಿನಗೆ ಮಾಡಿಸುವುದು ಎಂತಕ್ಕೆ ಅಂತಲಾ? ನಿನಗೆ ಏಕಾಗ್ರತೆ ಸಾಲದು, ಅದಕ್ಕೆ. ಅದು ಬೇರೆ, ಇದು ಬೇರೆ... ಬೇರೆ ಅಂದೆನಲ್ಲ!

ಆ ಸೂರಜ್, ಎಂ.ಎ. ಹುಡುಗ, ಎಷ್ಟು ಸಲೀಸಾಗಿ ಹೇಳಿಬಿಟ್ಟ ನೋಡು. 'ಸರ್, ಆ ಮನುಷ್ಯನಿಗೆ ಮೈದಾನಕ್ಕೆ ಬರಬೇಡಿ ಅಂದರೆ ಆಯಿತಲ್ಲ!' ಇಡೀ ಕ್ಲಾಸು ನಕ್ಕಿತು. ಉತ್ತರ ಸರಿಯೇ, ಪೂರ್ಣ ಅಂಕ ಕೊಡಬೇಕು. ಆದರೆ ವಾರವಿಡೀ ಪಾಠ, ಮೀಟಿಂಗು, ಈ ನೂಕುನುಗ್ಗಲು... ಭಾನುವಾರ ಆ ಕಂಬದ ಹತ್ತಿರ ನಿಂತಾಗಲೇ ಅವನಿಗೆ ಒಂದಿಷ್ಟು ಉಸಿರು ಬರುವುದು. ಹುಡುಗರಿಗೆ ಅದು ಗೊತ್ತಾ? ನಾನೇನು ನಿನ್ನ... ಅವನೇನು ಅವಳ ಆಟ ಕೆಡಿಸಲಿಕ್ಕೆ ಬರುವುದಾ?

ಯಾಕೆ, ನಗು ನಿಂತಿತು?

ಏನಾದರೂ ಹೇಳು. ಮರಾಠಿಯಲ್ಲಾದರೂ ಹೇಳು... ಇವತ್ತು ಕನ್ನಡದಲ್ಲೇ ಮಾತಾಡು ಅಂತ ಬೈಯುವುದಿಲ್ಲ.

ನಾಳೆ ಅಂಬರನಾಥದಲ್ಲಿ ಜಿಲ್ಲಾ ಖೋ ಖೋ ತಂಡದ ಆಯ್ಕೆ. ನೀನು ಕಾದದ್ದು ಇದೊಂದಕ್ಕೆ, ನನಗೆ ಗೊತ್ತುಂಟು. ಅಪ್ಪ, ಬನ್ನಿ ಅನ್ನು. ಇಲ್ಲ, ಬರಬೇಡಿ ಅನ್ನು. ಎರಡರಲ್ಲಿ ಒಂದು.

...

ಟ್ರೇನು ಬಂತು. ಲೇಡೀಸ್ ಡಬ್ಬಿಗೆ ಹೋಗ್ತೀಯಾ? ಹೋಗು, ನೂಕಾಟ ಕಡಿಮೆ... ಏ ಪ್ರಣೀತಾ! ಕೊಡೆ ಎಂತಕ್ಕೆ ತೆಗೆದುಕೊಂಡೆ? ನಾಳೆ ಮೈದಾನದಲ್ಲಿ ನನಗೆ ಬಿಸಿಲಿಗೆ...

...ಹೌದಾ. ಕೊಡೆ ಇಲ್ಲದೆ ಬನ್ನಿ ಅಂತಲಾ.

ಸರಿ. ಕೊಂಡುಹೋಗು.