ಹೊಳೆದದ್ದು ಯಾರಿಗೆ

ಫೆಲೋಶಿಪ್ ಸಂದರ್ಶನದ ಕೋಣೆಯ ಹೊರಗೆ ಏಣಿ ಹತ್ತಿ ಕೆಟ್ಟ ಫ್ಯಾನು ಬಿಚ್ಚುತ್ತಿದ್ದ ಎಲೆಕ್ಟ್ರಿಷಿಯನ್‌ಗೆ ಕೆಳಗಿನ ಬೆಂಚಿನ ಮಾತೆಲ್ಲ ಕೇಳಿಸುತ್ತಿತ್ತು. ಹುಡುಗಿ ಆಗಷ್ಟೇ ಒಳಗಿಂದ ಬಂದಿದ್ದಳು. ಕಾಯುತ್ತ ಕೂತಿದ್ದವರು ಅವಳಿಗೆ ಪಿಎಚ್.ಡಿ. ಮಾಡಿಸಿದ ಮೇಷ್ಟ್ರು.

“ನಿನ್ನ ಸಂಶೋಧನೆ, ಆ ನಾಟಕದ ಪರದೆ ಬರೀತಿದ್ದೋರ ಬಗ್ಗೆ ಕೇಳಿದ್ರೇನಮ್ಮ?”

“ಕೇಳಿದ್ರು ಸಾರ್, ಚೆನ್ನಾಗೇ ಹೇಳ್ದೆ. ಕೊನೇಲಿ, ಈ ವಿಷಯ ಹೊಳೆದಿದ್ದು ಯಾರಿಗೆ ಅಂದ್ರು.”

“ನಿಂಗೇ ತಾನೆ?”

“ನಮ್ಮ ಸಾರ್‌ಗೆ ಅಂದ್ಬಿಟ್ಟೆ.”

“ಅಯ್ಯೋ! ನಾನು ಬೇಡ ಅಂದಿದ್ದ ವಿಷಯ ಕಣೇ ಅದು!”

“ನೀವಿರುವಾಗ ‘ನಂಗೆ’ ಅನ್ನೋಕೆ ಬಾಯೇ ಬರ್ಲಿಲ್ಲ ಸಾರ್.”

ನಾಲಿಗೇನೂ ಇವರ ಹತ್ತಿರವೇ ಅಡ ಇಟ್ಟಿದ್ದೀಯಾ ತಾಯಿ, ಎಂದು ಕೂಗಬೇಕೆನಿಸಿತು ಏಣಿಯ ಮೇಲಿದ್ದವನಿಗೆ.

“ಸ್ವಂತವಾಗಿ ಯೋಚ್ನೆ ಮಾಡೋ ಹೊಸಬರಿಗೇ ಅಲ್ವೇನಮ್ಮ ಈ ಫೆಲೋಶಿಪ್ ಇರೋದು?”

“ಅದನ್ನೇ ಹೇಳಿದ್ರು. ಹಾಗಾದ್ರೆ ನಿಮ್ಮ ಸಾರ್‌ಗೇ ಕೊಡೋಣ ಬಿಡಿ ಅಂತ ನಕ್ರು.”

“ಬರೋ ವರ್ಷ ಮತ್ತೆ ಹಾಕು.”

“ಬರೋ ವರ್ಷಕ್ಕೆ ನಾನು ಹೊಸಬಳಲ್ಲ ಸಾರ್. ಪಿಎಚ್.ಡಿ. ಆದ್ಮೇಲೆ ಅರ್ಜಿ ಹಾಕೋಕೆ ಕೊಟ್ಟಿರೋ ಗಡುವು ಈ ವರ್ಷಕ್ಕೇ ಮುಗಿಯುತ್ತೆ.”

“ತಡಿ, ನಾನೇ ಒಳಗೆ ಹೋಗಿ ಹೇಳ್ತೀನಿ.”

“ಬೇಡಿ ಸಾರ್. ಇದಕ್ಕೂ ಮೇಷ್ಟ್ರನ್ನೇ ಕಳಿಸಿದ್ಲು ಅಂತಾರೆ.”

ಬಾಗಿಲ ತನಕ ಹೋಗಿದ್ದ ಮೇಷ್ಟ್ರು ತಟ್ಟಲು ಎತ್ತಿದ ಕೈಯನ್ನು ಇಳಿಸಿ, ಮೆಟ್ಟಿಲ ಕಡೆ ತಿರುಗಿದರು. ಹುಡುಗಿ ಕಣ್ಣೊರೆಸಿಕೊಂಡು, ಅವರ ಚೀಲವನ್ನೂ ತಾನೇ ಎತ್ತಿಕೊಂಡು, ಎಂದಿನಂತೆ ಒಂದು ಹೆಜ್ಜೆ ಹಿಂದೆ ನಡೆದಳು.