ಹತ್ತನೆಯ ಸ್ಥಾನದ ಗೋಲ್‌ಕೀಪರ್

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಕೋಟು ಬಿಚ್ಚದೆ ಕೈ ಉಜ್ಜಿಕೊಳ್ಳುತ್ತ ಕುಳಿತಿರುವ ಸಭಿಕರೇ,

ನಮ್ಮ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಹತ್ತು ಐಸ್ ಹಾಕಿ ಆಟಗಾರರ ಪಟ್ಟಿಯನ್ನು ಓದುವ ಗೌರವ ನನಗೆ ಸಿಕ್ಕಿದೆ. ಮೂವತ್ತೊಂದು ವರ್ಷ ಇಲ್ಲಿ ಸ್ಕೇಟುಗಳ ಬ್ಲೇಡಿಗೆ ಸಾಣೆ ಹಿಡಿದು ಇಂದು ನಿವೃತ್ತನಾಗುತ್ತಿರುವವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ಆಟಗಾರರ ಮುಖ ನೀವು ಬಲ್ಲಿರಿ, ಅವರ ಪಾದ ನಾನು ಬಲ್ಲೆ.

ಮೊದಲ ಸ್ಥಾನ ನಮ್ಮ ‘ಬಿರುಗಾಳಿ’ಗೆ. ಮುನ್ನೂರು ಗೋಲು, ಒಪ್ಪಿದೆ. ಆದರೆ ಅವರ ಬ್ಲೇಡಿನ ಒಂದೇ ಅಂಚು ಸವೆಯುತ್ತಿತ್ತು. ಅವರು ಯಾವ ಕಡೆ ತಿರುಗುತ್ತಾರೆಂಬ ಗುಟ್ಟನ್ನು ಎದುರಾಳಿಗಳಿಗೆ ಹೇಳದ ನನಗೂ ಅದರಲ್ಲಿ ಒಂದೈವತ್ತು ಗೋಲು ಸಲ್ಲಬೇಕು.

ನಡುವಿನ ಎಂಟು ಮಂದಿ ಕ್ಷಮಿಸಲಿ, ನೇರ ಕೊನೆಗೆ ಬರುತ್ತೇನೆ. ಹತ್ತನೆಯ ಸ್ಥಾನದಲ್ಲಿ ಮಹಿಳಾ ತಂಡದ ಗೋಲ್‌ಕೀಪರ್, ನನ್ನ ಮಗಳು. ಪಕ್ಕದಲ್ಲಿ ಸಮಿತಿಯ ಷರಾ: ‘ಫೈನಲ್ಲಿನ ಕೊನೆಯ ಗೋಲು ತಡೆಯದೆ ನಿಂತುಬಿಟ್ಟರು.’ ನಾಳೆ ಇದೇ ಕ್ರಮದಲ್ಲಿ ಹೆಸರುಗಳನ್ನು ಫಲಕದಲ್ಲಿ ಕೆತ್ತುತ್ತಾರೆ.

ಸಭಿಕರೇ, ಯಾಕೆ ನಿಂತಳು? ಮುನ್ನುಗ್ಗುವವರ ಬ್ಲೇಡು ಐಸನ್ನು ಕಚ್ಚಬೇಕು, ಅದಕ್ಕೆ ಆಳವಾದ ಸಾಣೆ. ಗೋಲ್‌ಕೀಪರ್ ಅಡ್ಡಡ್ಡ ಜಾರಬೇಕು, ಅದಕ್ಕೆ ಹಗುರವಾದ ಸಾಣೆ. ಇದು ನನಗೆ ನಿದ್ದೆಯಲ್ಲೂ ಗೊತ್ತು. ಆದರೆ ಅಂದು, ಫೈನಲ್ ಅಲ್ಲವೇ, ಸ್ವಂತ ಮಗಳಲ್ಲವೇ, ಸ್ವಲ್ಪ ಹೆಚ್ಚೇ ಹರಿತವಿರಲಿ ಎಂದು ಮತ್ತೆ ಮತ್ತೆ ಸಾಣೆ ಹಿಡಿದೆ. ಕೊನೆಯ ನಿಮಿಷದಲ್ಲಿ ಪಕ್, ಆ ಕರೀ ರಬ್ಬರ್ ಬಿಲ್ಲೆ, ಅವಳ ಎಡಕ್ಕೆ ಬಂತು. ಅವಳು ಜಾರಲು ಹೋದಳು, ಬ್ಲೇಡು ಐಸನ್ನು ಕಚ್ಚಿ ಹಿಡಿಯಿತು.

ಕೋಚ್ ಎಲ್ಲರೆದುರು ಬೈದರು. ಅವಳು ಬ್ಲೇಡಿನ ಮೇಲೆ ಹೆಬ್ಬೆರಳು ಸವರಿ, ಒಮ್ಮೆ ನನ್ನತ್ತ ನೋಡಿ, “ನನ್ನದೇ ತಪ್ಪು ಸರ್, ಕಾಲು ಏಳ್ಲಿಲ್ಲ” ಅಂದಳು. ಮನೆಯಲ್ಲಿ “ಯಾಕಮ್ಮಾ ಹಾಗಂದೆ?” ಎಂದು ಕೇಳಿದೆ. “ನಾಳೆ ಬೆಳಿಗ್ಗೆ ಎಲ್ರೂ ನಿನ್ನ ಕೈಗೇ ಸ್ಕೇಟ್ ಕೊಡ್ಬೇಕಲ್ವಾ ಅಪ್ಪಾ” ಅಂದಳು.

ಕೊಟ್ಟಿರಿ. ಹನ್ನೊಂದು ವರ್ಷ ಕೊಟ್ಟಿರಿ. ನಾನೂ ಬಾಯಿಗೆ ಬೀಗ ಹಾಕಿಕೊಂಡು ತೆಗೆದುಕೊಂಡೆ. ಆ ನಾಚಿಕೆ ನನ್ನದು. ಅವಳ ಬಗೆಗಿನ ಹೆಮ್ಮೆಯೂ ನನ್ನದೇ.

ಅಧ್ಯಕ್ಷರೇ, ಆ ಗೋಲು ಬಿಟ್ಟವನು ನಾನು. ಕೆತ್ತುವ ಮೊದಲು ಪಟ್ಟಿಯನ್ನು ಇನ್ನೊಮ್ಮೆ ಮಾಡಿ. ನನ್ನನ್ನು ಕೇಳಿದರೆ ಅವಳೇ ಮೊದಲು. ನೋಡಿ, ಮೂರನೆಯ ಸಾಲಿನಿಂದ ಅವಳು ‘ಸಾಕು’ ಎಂದು ಕೈ ಮಾಡುತ್ತಿದ್ದಾಳೆ. ತಡೆಯುವುದು ಅವಳ ಅಭ್ಯಾಸ. ಇದೊಂದನ್ನು ಮಾತ್ರ ತಡೆಯಲು ನಾನು ಬಿಡುವುದಿಲ್ಲ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನಾನು ಋಣಿ. ನಮಸ್ಕಾರ.