ಒಂದು ಓಟು, ಒಂದು ತಟ್ಟೆ ಉಪ್ಪಿಟ್ಟು

...ಬಾಗ್ಲು ಪೂರ್ತಿ ಹಾಕ್ಬೇಡಿ ಚಿಕ್ಕಮ್ಮ, ಸ್ವಲ್ಪ ತೆಗೆದೇ ಇರ್ಲಿ! ಹ್ಞಾಂ, ಹಂಗೆ. ನೋಡಿದ್ರಾ ಪಂಕಜಾಕ್ಷಿಯವರೇ, ಹುಡುಗ ಹುಡುಗಿ ಮಾತಾಡ್ಕೊಳ್ಳಲಿ ಅಂತ ಎಲ್ಲಾ ಒಳಗೆ ಹೋದ್ರು. ಈಗ ಅಡುಗೆಮನೇಲಿ ಒಂದು ಚಮಚದ ಸದ್ದಿಲ್ಲ! ಎಲ್ಲರ ಕಿವೀನೂ ಈ ಬಾಗ್ಲಿಗೇ.

ಉಪ್ಪಿಟ್ಟು ಚೆನ್ನಾಗಿದೆ. ನೀವೇ ಮಾಡಿದ್ದಂತೆ... ಯಾಕ್ರೀ ನಗ್ತೀರಿ? ನಿಮ್ಮಮ್ಮನೇ ಹೇಳಿದ್ದು! ಹೋಗ್ಲಿ ಬಿಡಿ. ಹೆಣ್ಣು ನೋಡೋಕೆ ಹೋದ ಮನೇಲೆಲ್ಲಾ ಉಪ್ಪಿಟ್ಟು ಹುಡುಗೀದೇ.

ಏನಾದ್ರೂ ಮಾತಾಡ್ರೀ. ನಾನೇನು ಹೊರಗಿನೋನಾ? ನೀವು ಸೆಕೆಂಡ್ ಬಿ.ಎ. ಕ್ಲಾಸಿನ ಪ್ರತಿನಿಧಿ, ಸಿ.ಆರ್., ನಾನು ಫೈನಲ್ ಬಿ.ಎ.ಗೆ. ಆ ಚರ್ಚಾಸ್ಪರ್ಧೆ ನೆನಪಿದೆಯಾ? 'ವಿದ್ಯಾರ್ಥಿಗಳ ಹಕ್ಕು ಮತ್ತು ಹೊಣೆ'. ನಾನು ಹಕ್ಕು ಹಕ್ಕು ಅಂತ ಟೇಬಲ್ ಗುದ್ದಿದ ಗುದ್ದಿಗೆ ನೀರಿನ ಲೋಟ ಹಾರಿ ಪ್ರಿನ್ಸಿಪಾಲರ ಪಂಚೆ ಒದ್ದೆಯಾಯ್ತು. ನೀವು ಹೊಣೆ ಬಗ್ಗೆ ಶುರು ಮಾಡಿದೋರು ಗಂಟೆ ಹೊಡೆದ್ರೂ ನಿಲ್ಲಿಸ್ಲಿಲ್ಲ. ಬಹುಮಾನದ ಸ್ಟೀಲ್ ಡಬ್ಬಿ ನಿಮಗೇ ಬಂತು. ಅಂಥಾ ಬಾಯಿ ಇವತ್ತು ಹಿಂಗೆ... ನಾಚಿಕೆನಾ? ನಿಮಗೆ? ಅಯ್ಯೋ ಬಿಡ್ರೀ!

ಗಡಿಯಾರಾನಾ? ನಾನೆಲ್ಲಿ ಗಡಿಯಾರ ನೋಡ್ದೆ? ಅದರ ಮೇಲಿರೋ ಸ್ವಾಮಿಗಳ ಫೋಟೋ ನೋಡ್ತಿದ್ದೆ. ಎಷ್ಟು ಪ್ರಶಾಂತವಾಗಿದಾರೆ.

ಸರಿ, ಆ ನೋಟ ಅರ್ಥವಾಯ್ತು. ಇವತ್ತೇ ಯಾಕೆ ಬಂದ್ರಿ ಅಂತ ತಾನೇ? ಸೋಮವಾರ ಒಳ್ಳೇ ದಿನ ಕಣ್ರೀ. ನಮ್ಮ ವಿಮಲಮ್ಮ ಚಿಕ್ಕಮ್ಮ ಪಂಚಾಂಗ ನೋಡಿ... ಆಯ್ತು, ನೋಡಿದ್ದು ನಾನೇ. ಏನೀಗ? ಹುಡುಗ ಪಂಚಾಂಗ ನೋಡಬಾರದು ಅಂತ ಇದೆಯಾ?

ಹೌದು, ಇವತ್ತೇ ಕಾಲೇಜ್ ಯೂನಿಯನ್ ಎಲೆಕ್ಷನ್. ತರೀಕೆರೇಲಿ, ಹನ್ನೊಂದಕ್ಕೆ. ನನಗೆ ಮರೆಯುತ್ತಾ? ಅಧ್ಯಕ್ಷನ ಜಾಗಕ್ಕೆ ನಿಂತಿರೋನೇ ನಾನು! ಆದ್ರೆ ಯೂನಿಯನ್ ಅನ್ನೋದು ಒಂದು ವರ್ಷದ ಮಾತು, ಮದುವೆ ಅನ್ನೋದು... ನೋಡಿ, ಮತ್ತೆ ನಕ್ರಿ.

ಓಟು ಇರೋದು ಸಿ.ಆರ್.ಗಳಿಗೆ ಮಾತ್ರ. ಅದಕ್ಕೇ ಈ ತಾಪತ್ರಯ. ನನ್ನೆದುರು ನಿಂತಿರೋ ಆ ತಮ್ಮಯ್ಯ ಅವನ ಕಡೆಯೋರನ್ನೆಲ್ಲಾ ಜೀಪಲ್ಲಿ ತುಂಬ್ಕೊಂಡು ಕೆಮ್ಮಣ್ಣುಗುಂಡಿಗೆ ಹತ್ತಿಸ್ಬಿಟ್ಟ. ನಾವೇನು ಕಮ್ಮಿ? ನಮ್ಮೋರು ಸಿಂಗಟಗೆರೇಲಿ ನಮ್ಮ ತೀರ್ಥಪ್ಪ ಮಾವನ ಕೊಬ್ಬರಿ ಅಟ್ಟದಲ್ಲಿದ್ರು. ಎರಡು ಹೊತ್ತೂ ಹೋಳಿಗೆ. ಮಲಗೋದು ಮಾತ್ರ ಕಾಯಿ ಮೇಲೆ. ಒಬ್ಬ ಮಗ್ಗುಲಾದ್ರೆ ಎಲ್ಲರೂ ಉರುಳ್ತಾರೆ. ಕೂಡಿಹಾಕಿದ್ದಲ್ಲ ರೀ! ಆತಿಥ್ಯ. ಬೀಗ ಹಾಕಿದ್ದು ಕೋತಿ ಕಾಟಕ್ಕೆ.

ಈಗ ನಮ್ಮ ಕಡೆ ಒಂದೇ ಒಂದು ಓಟು ಜಾಸ್ತಿ. ಅದು ನನ್ನದೇ. ನೀವು ಹೋಗಿ ತಮ್ಮಯ್ಯನಿಗೆ ಹಾಕಿದ್ರೆ ಸಮ, ಚೀಟಿ ಎತ್ತಬೇಕು. ಹುಡುಗೀನ ಅಟ್ಟಕ್ಕೆ ಹತ್ತಿಸೋಕಾಗುತ್ತಾ, ಅದಕ್ಕೇ... ಏನಿಲ್ಲ. ಮಾತಿಗೆ ಹೇಳ್ದೆ.

ನೀವು ಅವನಿಗೇ ಹಾಕ್ತೀರಿ ಅಂತ ಗೊತ್ತು. ಆ ಲೇಡೀಸ್ ರೂಮಿನ ವಿಷಯ. ಅಲ್ಲಿ ನಮ್ಮ ಕ್ರಿಕೆಟ್ ಸಾಮಾನು, ಮುರಿದ ಬೆಂಚು ತುಂಬಿದೀವಿ, ಒಪ್ಕೋತೀನಿ. ನೀವೆಲ್ಲಾ ಊಟದ ಡಬ್ಬಿ ಬಿಚ್ಚೋಕೆ ಜಾಗ ಇಲ್ದೆ ಬಸ್‌ಸ್ಟ್ಯಾಂಡಿಗೆ ಹೋಗ್ತೀರಿ, ಅದೂ ನೋಡಿದೀನಿ. ತಮ್ಮಯ್ಯ ಖಾಲಿ ಮಾಡಿಸ್ತೀನಿ ಅಂದ. ನೀವು ಬಂದು ನನ್ನನ್ನೂ ಕೇಳಿದ್ರಿ. ನಾನು ಆರ್ಕೆಸ್ಟ್ರಾ ಕರೆಸ್ತೀನಿ ಅಂದೆ. ಆಗ ನೀವು ನೋಡಿದ ನೋಟ ಇದೇ... ಇದೇ ನೋಟ!

ಬಂದೆ ಚಿಕ್ಕಮ್ಮ, ಇರಿ! ಹುಡುಗಿ ಏನಂದ್ಲಾ? ಏನೂ ಅನ್ಲಿಲ್ಲ, ಸುಮ್ನೆ ಕೂತಿದಾರೆ... ಅಲ್ಲ, ಚಿಕ್ಕಮ್ಮ, ಸುಮ್ನಿದಾರೆ ಅಂದ್ರೆ ಒಪ್ಪಿಗೆ ಅಂತ ಅಲ್ಲ... ಚಿಕ್ಕಮ್ಮ! ಅಯ್ಯೋ, ಹೋದ್ರು. ಕೇಳಿಸ್ತಾ? 'ಒಪ್ಪಿದ್ಲಂತೆ ಕಣ್ರೀ, ಎಲೆಅಡಿಕೆ ತಟ್ಟೆ ತನ್ನಿ' ಅಂತಿದಾರೆ. ಅಯ್ಯನೋರನ್ನ ಕರೀರಿ ಅಂತಿದಾರೆ!

ಪಂಕಜಾಕ್ಷಿಯವರೇ, ದಮ್ಮಯ್ಯ, ಬೇಡ ಅಂದ್ಬಿಡಿ. ಮೂಗು ದಪ್ಪ ಅನ್ರಿ. ಎಸ್.ಎಸ್.ಎಲ್.ಸಿ. ಎರಡನೇ ಸಲಕ್ಕೆ ಪಾಸಾದೋನು ಅನ್ರಿ, ನಿಜಾನೇ. ಒಂದು ಮಾತು! ಚಿಕ್ಕಮ್ಮನಿಗೆ ಏನೂ ಗೊತ್ತಿಲ್ಲ, ಪಾಪ, ರೇಷ್ಮೆ ಸೀರೆ ಉಟ್ಕೊಂಡು ಬಂದಿದಾರೆ... ಯಾಕೆ ಬಾಯಿ ಬಿಡಲ್ಲ ನೀವು?

ಸರಿ! ನಾನೇ ಹೇಳ್ತೀನಿ, ಕೇಳಿ. ನಾನು ಹೆಣ್ಣು ನೋಡೋಕೆ ಬಂದಿದ್ದಲ್ಲ! ನಿಮ್ಮ ಓಟು ತಪ್ಪಿಸೋಕೆ ಬಂದಿದ್ದು! ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ನಿಮ್ಮಪ್ಪ ಬೆನಕಪ್ಪನೋರು ಮಗಳನ್ನ ಕಾಲೇಜಿಗೆ ಕಳಿಸಲ್ಲ ಅಂತ ಗೊತ್ತಿತ್ತು. ನಿಮ್ಮ ಬಸ್ಸು ಹೋಗೋವರೆಗೂ ಉಪ್ಪಿಟ್ಟು ತಿನ್ನೋದು, ಆಮೇಲೆ ಮಾವನ ಯೆಜ್ಡಿ ಬೈಕ್ ಹತ್ತಿ ತರೀಕೆರೆಗೆ ಹೋಗಿ ನನ್ನ ಓಟು ಹಾಕಿ ಗೆಲ್ಲೋದು. ಸಾಕಾ? ಸಮಾಧಾನ ಆಯ್ತಾ?

ನನ್ನ ನೋಡ್ತಾ ಇಲ್ಲ... ಹಿಂದೆ ಏನು ನೋಡ್ತಿದೀರಿ?

ಬೆನಕಪ್ಪನೋರೇ! ಅಪ್ಪಾಜಿ... ನೀವು ಯಾವಾಗ ಬಂದ್ರಿ ಬಾಗ್ಲಿಗೆ?

ಓಹೋ. ಓಹೋಹೋ! ಪಂಕಜಾಕ್ಷಿಯವರೇ, ನೀವು ಹೇಳಿದ್ರೆ ಅಪ್ಪಾಜಿ ನಂಬ್ತಿರ್ಲಿಲ್ಲ, ಅಲ್ವಾ? ಕಾಲೇಜಿಗೆ ಹೋಗೋಕೆ ಹುಡುಗಿ ನೆಪ ಹೇಳ್ತಾಳೆ ಅಂತಿದ್ರು. ಅದಕ್ಕೇ ನನ್ನ ಬಾಯಲ್ಲೇ... ಚರ್ಚಾಸ್ಪರ್ಧೇಲಿ ಮಾತಾಡಿ ಗೆದ್ರಿ, ಇಲ್ಲಿ ಸುಮ್ನಿದ್ದು ಗೆದ್ಬಿಟ್ರಲ್ಲ!

ಆ ಕುರ್ಚಿ ಹಿಂದೆ ಕಾಲೇಜ್ ಬ್ಯಾಗು ಬೇರೆ ರೆಡಿ ಇದೆ. ಗಾಡಿ ಕೀ... ತಟ್ಟೆ ಪಕ್ಕ ಇಟ್ಟಿದ್ದೆ, ಎಲ್ಲಿ? ಹೊರಗೆ ಕಿಕ್ ಹೊಡೀತಿರೋದು ನಿಮ್ಮಣ್ಣಾನಾ? ನಿಮ್ಮನ್ನ ತರೀಕೆರೆಗೆ ಬಿಡೋಕಾ? ಅಯ್ಯೋ, ಅದು ಮಾವನ ಗಾಡಿ! ಅಪ್ಪಾಜಿ, ನನಗೂ ಓಟಿದೆ... ಕೂತ್ಕೋಬೇಕಾ? ಕೂತೆ. ಕೂತೆ.

ಪಂಕಜಾಕ್ಷಿಯವರೇ, ಒಂದು ನಿಮಿಷ. ಯಾರಿಗೆ ಹಾಕ್ತೀರಿ ಅಂತ ಕೇಳಲ್ಲ, ಅದು ನಿಮ್ಮ ಹಕ್ಕು. ಆ ರೂಮು ನಾನೇ ಖಾಲಿ ಮಾಡಿಸ್ತೀನಿ, ಸೋತ್ರೂ ಮಾಡಿಸ್ತೀನಿ. ಬೇರೇದು ಕೇಳ್ಬೇಕಿತ್ತು. ಓಟಿನ ವಿಷಯ ಅಲ್ಲ... ಇನ್ನೊಂದು ದಿನ, ಎಲೆಕ್ಷನ್ ಇಲ್ಲದ ದಿನ, ನಾನು ನಿಜವಾಗ್ಲೂ ಬಂದ್ರೆ... ಉಪ್ಪಿಟ್ಟು ನೀವೇ ಮಾಡಬೇಕಂತಿಲ್ಲ...

ನಕ್ರಲ್ಲ! ಅದು ಹೂಂ ಅಂತಾನಾ, ಊಹೂಂ ಅಂತಾನಾ? ರೀ... ಹೇಳಿ ಹೋಗ್ರೀ!

...ಹೋದ್ರು.

ಹಾಕಿ ಚಿಕ್ಕಮ್ಮ, ಅಳಬೇಡಿ, ಉಪ್ಪಿಟ್ಟು ಇನ್ನೊಂದು ಸ್ವಲ್ಪ ಹಾಕಿ. ತರೀಕೆರೆ ಬಸ್ಸು ಇನ್ನು ಮಧ್ಯಾಹ್ನಕ್ಕೇ. ಗೊತ್ತು, ನಾನೇ ವಿಚಾರಿಸ್ಕೊಂಡು ಬಂದಿದ್ದು.